ಸಾವಿರದ ಇನ್ನೂರು ಕುದುರೆ, ಒಂದು ಮಣೆ

ಕೆಂಗುಣಿ,
ಎಣ್ಣೆ ತೀರಿದ ತೊಂಬತ್ತೊಂದನೇ ವರುಷ, ಹದಿನಾಲ್ಕನೇ ತಿಂಗಳು

ನಮಗಿಂತ ಮೊದಲು ಬದುಕಿದವರೇ,

ಹದಿನಾಲ್ಕನೇ ತಿಂಗಳು ಎಂದು ಓದಿ, ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ವರುಷಕ್ಕೆ ಹನ್ನೆರಡೇ ತಿಂಗಳಿದ್ದವು ಎಂದು ನಮಗೂ ಗೊತ್ತು. ನಮ್ಮಲ್ಲಿ ಆಳುಗಳ ಕರಾರು ವರುಷದ ಲೆಕ್ಕದ್ದು. ಹಾಗಾಗಿ ಧಣಿಗಳು ಕೂಲಿ ಮುಟ್ಟಲಿಲ್ಲ, ವರುಷವನ್ನೇ ಎಳೆದು ಉದ್ದ ಮಾಡಿದರು. ಸೂರ್ಯ ಅವರ ಮಾತು ಕೇಳಲಿಲ್ಲ. ಮಳೆ ಯಾರ ಮಾತನ್ನೂ ಕೇಳುವುದಿಲ್ಲ. ನಾವು ಕೇಳಿದೆವು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಎಷ್ಟೋ ಮಾತುಗಳು ನಮ್ಮಲ್ಲಿ ಸತ್ತಿವೆ. ಕೆರೆ, ಕುದುರೆ, ರಜೆ ಇವನ್ನೆಲ್ಲ ನಾವು ಕೇಳಿ ಬಲ್ಲೆವೇ ಹೊರತು ಕಂಡವರಿಲ್ಲ. ಹೊಸ ಮಾತುಗಳು ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಕೇರಿ ಎಂಬ ಮಾತಿಗೆ ಮಾತ್ರ ಅರ್ಥ ಹೇಳುವುದಿಲ್ಲ. ಅದು ನಿಮ್ಮಲ್ಲಿ ಇದ್ದಂತೆಯೇ ನಮ್ಮಲ್ಲಿದೆ.

ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಮುಂದಿನವರಿಗೆ ಬರೆಯುವುದು ವಾಡಿಕೆ. ಮುಂದೆ ಯಾರಾದರೂ ಇರುತ್ತಾರೆ ಎಂದು ನಂಬಿ ಬರೆಯುವುದಕ್ಕೆ ಕೂತೆ, ಕೈ ಓಡಲಿಲ್ಲ. ನೀವಾದರೆ ಇದ್ದಿರಿ, ಅದಂತೂ ಖಾತ್ರಿ. ಅದಕ್ಕೇ ನಿಮಗೆ.

ನಾನು ಹುಲಿಗೆವ್ವ. ಕೆಂಗುಣಿಯ ಷೆಡ್ಡಿನಲ್ಲಿ ಬೆಸುಗೆಯ ಕೆಲಸದವಳು. ನಾವಿರುವ ಈ ಜಾಗ ನಿಮ್ಮ ಕಾಲದಲ್ಲಿ ಬಳ್ಳಾರಿ ಸೀಮೆಯ ಒಂದು ಕಬ್ಬಿಣದ ಬೆಟ್ಟವಾಗಿತ್ತು. ಅದನ್ನು ಅಗೆದರು, ಲಾರಿಗೆ ತುಂಬಿದರು, ಬೆಟ್ಟ ಮುಗಿದ ಮೇಲೂ ನಿಲ್ಲಿಸದೆ ಕೆಳಕ್ಕೆ ಅಗೆದರು. ಅಗೆದವರು ನಮ್ಮವರೇ, ಅಗೆಸಿದವರು ಬೇರೆ. ಬೆಟ್ಟವಿದ್ದ ಕಡೆ ಈಗ ಒಂದು ಕೆಂಪು ಗುಣಿ ಇದೆ. ಗುಣಿಯ ಸುತ್ತ ಮೇಲಿರುವುದು ದಡ. ದಡದಲ್ಲಿ ಗಾಳಿಯಿದೆ, ಬೋರು ಇದೆ, ಕುಂಡದಲ್ಲಿ ನೆಟ್ಟ ಬೇವಿನ ಗಿಡಗಳಿವೆ. ಧಣಿಗಳೂ ಅವರ ಬೀಗರು ಬಿಜ್ಜರೂ ಅಲ್ಲಿದ್ದಾರೆ. ಗುಣಿಯ ತಳದಲ್ಲಿ ಕೇರಿ. ನಿಮ್ಮ ಕಾಲದ ಭಾರಿ ಟಿಪ್ಪರುಗಳ ತೊಟ್ಟಿಗಳನ್ನು ಬೋರಲು ಹಾಕಿ, ಒಂದು ಮಗ್ಗುಲಲ್ಲಿ ಬಾಗಿಲು ಕೊರೆದು, ಅದರಡಿ ಸಂಸಾರ ಮಾಡುತ್ತೇವೆ. ಹಗಲು ತೊಟ್ಟಿ ಕಾದು ಹೆಂಚಾಗುತ್ತದೆ, ಮೇಲೆ ಗೋಣಿ ಹಾಸಿ ಬೂದಿ ಚೆಲ್ಲುತ್ತೇವೆ. ನೀರು ಚಿಮುಕಿಸುವುದು ನಮ್ಮ ಅಜ್ಜಿಯರ ಕಾಲಕ್ಕೇ ನಿಂತಿತು. ಕುಡಿಯುವ ನೀರು ದಡದ ಬೋರಿನಿಂದ ಒಂದೇ ಪೈಪಿನಲ್ಲಿ ಇಳಿದು ಬರುತ್ತದೆ. ಆ ಪೈಪಿನ ಬಾಯಿಗೆ ದಡದಲ್ಲಿ ಒಂದು ಕಬ್ಬಿಣದ ಚಕ್ರವಿದೆ. ಅದಕ್ಕೆ ನಾವು ತಿರುಪು ಎನ್ನುತ್ತೇವೆ. ತಿರುಪು ತಿರುಗಿಸಿದರೆ ನೀರು, ಇಲ್ಲವಾದರೆ ಇಲ್ಲ. ತಿರುಪಿಗೊಂದು ಬೀಗ, ಬೀಗದ ಕೈ ಚಕ್ರಪಾಣಿ ಧಣಿಯ ಸೊಂಟದಲ್ಲಿ. ನಮ್ಮ ಬದುಕಿನ ಬಗ್ಗೆ ಇಷ್ಟು ತಿಳಿದರೆ ಮಿಕ್ಕದ್ದು ನಿಮಗೆ ತಾನಾಗಿ ತಿಳಿಯುತ್ತದೆ.

ಧಣಿಯ ಹಳೆಯ ಬಂಗಲೆಯ ನೆಲಮಾಳಿಗೆಯಲ್ಲಿ ಗೋಡೆ ಕಟ್ಟಿ ಮುಚ್ಚಿದ ಒಂದು ಕೋಣೆಯಿತ್ತು. ಅದನ್ನು ಒಡೆಸಿದಾಗ ಒಳಗೆ ನಿಮ್ಮ ಕಾಲದ ಒಂದು ಗಾಡಿ ಸಿಕ್ಕಿತು. ಎರಡೇ ಸೀಟು, ಮಡಿಸಿ ಹಿಂದಕ್ಕೆ ಸರಿಸುವ ಮೇಲ್ಚಾವಣಿ, ನೆಲಕ್ಕೆ ತಾಗಿದಂಥ ಮೈ. ಧಣಿಯ ಮುತ್ತಜ್ಜನಿಗಿಂತ ಹಿಂದಿನ ಯಾರೋ ಅದಿರಿನ ದುಡ್ಡಿನಲ್ಲಿ ತರಿಸಿದ್ದಂತೆ. ಊರಲ್ಲಿ ರಸ್ತೆಯಿಲ್ಲದ ಕಾಲಕ್ಕೆ ಅದನ್ನು ತರಿಸಿ, ಷೆಡ್ಡಿನೊಳಗೇ ಶುರು ಮಾಡಿ ಸದ್ದು ಕೇಳಿ ಆಫ್ ಮಾಡುತ್ತಿದ್ದನಂತೆ. ನಮ್ಮವರು ಅದಕ್ಕೆ ಬಯಲುಗಾಡಿ ಎಂದು ಹೆಸರಿಟ್ಟರು. ಧಣಿಯ ಮಗ ಮಕರಂದನಿಗೆ ಪಟ್ಟ ಕಟ್ಟುವುದಿತ್ತು. ಪಟ್ಟದ ದಿನ ದಡದ ಸುತ್ತ ಒಂದು ಮೆರವಣಿಗೆ ಸುತ್ತು ಬರಬೇಕು. ಧಣಿ ಗಾಡಿಯನ್ನು ಗುಣಿಗೆ ಇಳಿಸಿ ನಮ್ಮ ಆಳುಗಳ ಸಂಘದ ಹಿರಿಯ ಮಾರೆಪ್ಪಣ್ಣನನ್ನು ಕರೆಸಿದ. ಮಾರೆಪ್ಪಣ್ಣ ತೊಗಲು ಹದ ಮಾಡುವವನು, ಹೊಲಿಯುವವನು. ಸಂಘದಲ್ಲಿ ಮಾತಾಡಲು ಎದ್ದರೆ ಅರ್ಧ ಗುಣಿಗೆ ಕೇಳಿಸುವ ದನಿ. ಧಣಿ ಕೇಳಿದನಂತೆ: "ಏನ್ಲೇ ಮಾರ್ಯಾ, ಇದರಾಗ ಎಷ್ಟು ಕುದ್ರಿ ಅದಾವ?" ಮಾರೆಪ್ಪಣ್ಣ ಎಂಜಿನ್ನಿನ ಮೇಲಿನ ಬಿಲ್ಲೆ ಒರೆಸಿ ನೋಡಿ, "ಆರುನೂರು, ಧಣೇರ" ಎಂದ. "ನಮ್ ಹಿರೇರಿಗೆ ಆರುನೂರು ಸಾಕಿತ್ತು. ನನ್ನ ಮಗಗ ಸಾವಿರದ ಇನ್ನೂರು ಬೇಕು."

ಮಾರೆಪ್ಪಣ್ಣ ಹೂಂ ಅನ್ನಲಿಲ್ಲ. ಸಂಘ ಕೂಡಬೇಕು ಎಂದು ಹೇಳಿ ಬಂದ. ಸಂಘದಲ್ಲಿ ಮೊದಲು ನಗು. "ಕುದ್ರಿ ನೋಡಿದೋರು ಯಾರದೀರಪಾ ಇಲ್ಲಿ, ಕೈ ಎತ್ರಿ" ಎಂದು ನನ್ನ ತಂಗಿ ಸುಂಕಿ ಎದ್ದು ನಿಂತಳು. ಒಂದು ಕೈಯೂ ಏಳಲಿಲ್ಲ. "ಹಂಗಾದ್ರ ಸಾವಿರ ಆದ್ರೇನು, ಇನ್ನೂರು ಆದ್ರೇನು? ಧಣಿಗೆ ಕುದ್ರಿ ಕೊಡೋಣು. ನಮಗ ತಿರುಪು ಕೊಡ್ಲಿ." ಅವಳು ತಮಾಷೆಗೆ ಅಂದದ್ದನ್ನು ಮಾರೆಪ್ಪಣ್ಣ ಕರಾರು ಮಾಡಿ ತಂದ. ಬಯಲುಗಾಡಿ ಪಟ್ಟದ ದಿನ ದಡದ ಸುತ್ತು ಪೂರ್ತಿ ಓಡಿದರೆ, ತಿರುಪಿನ ಬೀಗದ ಕೈ ಕೇರಿಗೆ. ಶಾಶ್ವತವಾಗಿ. ಧಣಿ ಎಲ್ಲರೆದುರು ತನ್ನ ಸೊಂಟ ತಟ್ಟಿ ಒಪ್ಪಿಕೊಂಡ. ಮೂರು ತಲೆಮಾರು ಧರಣಿ ಕೂತು, ಗುಂಡು ತಿಂದು ದಕ್ಕದ ನೀರು ಒಂದು ಮೋಜಿನ ಗಾಡಿಯಿಂದ ದಕ್ಕುತ್ತದೆ ಎಂದರೆ ನಾಚಿಕೆಗೇಡು ಎಂದು ನಾನೇ ಸಂಘದಲ್ಲಿ ಕೂಗಾಡಿದೆ. ಆಮೇಲೆ ಎಲ್ಲರ ಜೊತೆ ಕೈಯನ್ನೂ ಎತ್ತಿದೆ. ಬಾಯಾರಿದವರು ನೀರು ಯಾವ ಬಾಗಿಲಿನಿಂದ ಬರುತ್ತದೆ ಎಂದು ಕೇಳುವುದಿಲ್ಲ.

ಕುದುರೆ ಹೆಚ್ಚಿಸುವುದೆಂದರೆ ಎಂಜಿನ್ನಿಗೆ ಹೆಚ್ಚು ಗಾಳಿ, ಹೆಚ್ಚು ಉರುವಲು ತುರುಕಿ, ಅದು ಒಡೆಯದಂತೆ ನೋಡಿಕೊಳ್ಳುವುದು. ಇಷ್ಟೇ ವಿದ್ಯೆ. ನಾವು ಅದರ ಹೊಟ್ಟೆ ಬಿಚ್ಚಿ, ಸಿಲಿಂಡರುಗಳ ಒಳಗೆ ಉಕ್ಕಿನ ಹೊಸ ಕೊಳವೆ ತೊಡಿಸಿದೆವು. ಟಿಪ್ಪರಿನ ಹಳೆಯ ಪಿಸ್ಟನ್ನುಗಳನ್ನು ಕರಗಿಸಿ, ಬಡಿದು, ಕಡೆದು ಹೊಸವು ಮಾಡಿದೆವು. ಅದಿರು ಸಾಗಿಸುತ್ತಿದ್ದ ರೈಲಿನ ಅಚ್ಚಿನ ಉಕ್ಕಿನಲ್ಲಿ ಕನೆಕ್ಟಿಂಗ್ ರಾಡು. ಗಾಳಿ ತುರುಕಲು ಎರಡು ಟರ್ಬೊ. ಹಳೆಯ ಜನರೇಟರುಗಳಿಂದ ಕಿತ್ತು, ಅವುಗಳ ರೆಕ್ಕೆಗಳನ್ನು ಮತ್ತೆ ತಿದ್ದಿ ತೂಗಿಸಿ ಕೂರಿಸಿದೆವು. ಟೈರಿಗೆ ರಬ್ಬರು ಎಲ್ಲಿಂದ ತರೋಣ? ಅದಿರು ಹೊರುತ್ತಿದ್ದ ಬೆಲ್ಟನ್ನೇ ಪದರು ಪದರಾಗಿ ಸುತ್ತಿ ಬೇಯಿಸಿದೆವು. ತಲೆಯಿಲ್ಲದ ಗಾಡಿಗೆ ನಡು ಗಟ್ಟಿ ಇರುವುದಿಲ್ಲ. ಚಾವಣಿ ಹಿಡಿದುಕೊಳ್ಳಬೇಕಾದ ಭಾರವನ್ನು ಬರೀ ನೆಲವೇ ಹೊರಬೇಕು. ಅಂಥ ಮೈಗೆ ಇಷ್ಟು ಬಲ ಕೊಟ್ಟರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಬಾಗಿಲ ಕೆಳಗೆ ಎರಡೂ ಮಗ್ಗುಲಿಗೆ ಪೈಪು ಹೊಗಿಸಿ, ಅಡ್ಡಪಟ್ಟಿ ಕೊಟ್ಟು ಬೆಸೆದವಳು ನಾನು. ನೆರಳುಗಾಲವೆಲ್ಲ ಅದರಡಿ ಮಲಗಿ ಕಳೆದೆ. ನೆರಳುಗಾಲ ಎಂದರೆ ಹೊತ್ತೇರಿದ ಮೇಲೆ ಹೊತ್ತು ಇಳಿಯುವವರೆಗೆ ಯಾರೂ ಬಿಸಿಲಿಗೆ ಬರಬಾರದ ತಿಂಗಳುಗಳು. ಬಂದವರು ನಿಂತಲ್ಲೇ ಬೀಳುತ್ತಾರೆ. ಆಗ ಷೆಡ್ಡಿನೊಳಗೆ ಬೆಸುಗೆಯ ಕಿಡಿಯೇ ತಂಪೆನಿಸುತ್ತಿತ್ತು.

ಎಣ್ಣೆ ಇಲ್ಲವಾದ್ದರಿಂದ ಗಾಡಿ ಓಡಬೇಕಾದದ್ದು ಉರಿನೀರಿನಲ್ಲಿ. ಜೋಳ ಕೊಳೆಯಿಸಿ ಭಟ್ಟಿ ಇಳಿಸಿದ ನೀರದು. ಮೊದಲ ಸಲ ಎಂಜಿನ್ ಶುರುವಾದಾಗ ಕೇರಿಯ ಹೆಂಗಸರು ಕಿವಿ ಮುಚ್ಚಿಕೊಂಡು ಬಂದು ಸುತ್ತ ನಿಂತರು. ಧಣಿಯ ಉಗ್ರಾಣದಿಂದ ಬಂದ ಜೋಳದ ಚೀಲಗಳು ಹೇಗೆ ಖಾಲಿಯಾಗುತ್ತಿವೆ ಎಂದು ನೋಡಿದ ಒಬ್ಬಾಕೆ, "ಕುದ್ರಿ ಅಂದ್ರ ಸುಳ್ಳಲ್ಲ ಬಿಡ್ರಿ, ಜ್ವಾಳ ಹೆಂಗ ಮೇಯ್ತೈತಿ ನೋಡ್ರಿ" ಎಂದಳು. ಇನ್ನೊಬ್ಬಾಕೆ, "ಲದ್ದಿ ಮಾತ್ರ ಹಾಕವಲ್ದು, ಒಲಿಗರ ಆಗ್ತಿತ್ತು" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಂದು ಗಂಟೆ ಅದು ಗುಡುಗಿದರೆ ಇಡೀ ಕೇರಿಯ ಒಂದು ಹೊತ್ತಿನ ರೊಟ್ಟಿ ಹೋಯಿತು ಎಂದು ಎಲ್ಲರಿಗೂ ಗೊತ್ತಿತ್ತು. ಎರಡು ಸಲ ಪಿಸ್ಟನ್ನು ತೂತಾಯಿತು, ಮತ್ತೆ ಎರಕ ಹೊಯ್ದೆವು. ಕುದುರೆ ಎಣಿಸಲು ನಮ್ಮದೇ ಒಂದು ಪದ್ಧತಿಯಿದೆ. ಗಾಡಿಯ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಅದಕ್ಕೆ ಹಗ್ಗದ ಉರುಳೆ ಕಟ್ಟಿ, ಅದಿರು ತುಂಬಿದ ತೊಟ್ಟಿಯನ್ನು ಗುಣಿಯ ಗೋಡೆಗುಂಟ ಮೇಲಕ್ಕೆ ಎಳೆಸುವುದು. ಭಾರ ಎಷ್ಟು, ಎಷ್ಟು ಬೇಗ ಏರಿತು, ಗುಣಿಸಿದರೆ ಉತ್ತರ. ಸಾವಿರದ ಇನ್ನೂರು ದಾಟಿದ ದಿನ ತೊಟ್ಟಿ ಗೋಡೆಗುಂಟ ಹಕ್ಕಿಯಂತೆ ಏರಿ ಹೋಯಿತು. ನಾವು ಕುಣಿದೆವು. ಅದನ್ನು ಮುಚ್ಚಿಡುವುದಿಲ್ಲ. ಶತ್ರುವಿನ ಗಾಡಿಯಾದರೂ ಕೆಲಸ ನಮ್ಮದು.

ಈಗ ಮಣೆಯ ಮಾತು ಹೇಳಬೇಕು. ಕಾಗದ ಬರೆಯಲು ಕೂತದ್ದು ಅದಕ್ಕಾಗಿಯೇ.

ದಡದವರಿಗೆ ನಾವು ಏನೇ ಮಾಡಿಕೊಟ್ಟರೂ ಅದನ್ನು ಒರೆಗೆ ಹಚ್ಚಿ, ಅಂದರೆ ಬಳಸಿ ಪರೀಕ್ಷಿಸಿ ಕೊಡಬೇಕು. ಆದರೆ ಅವರು ಕೂರುವ ಕಡೆ ನಾವು ಕೂತರೆ ಅದು ಮೈಲಿಗೆ. ಇದಕ್ಕೆ ನಮ್ಮ ಕಾಲ ಕಂಡುಕೊಂಡ ಉಪಾಯದ ಹೆಸರು ಒರೆಮಣೆ. ಗಾಡಿಯಾಗಲಿ, ಕುರ್ಚಿಯಿರುವ ಯಂತ್ರವಾಗಲಿ, ಕೆಲಸ ನಡೆಯುವಷ್ಟು ದಿನ ಸೀಟು ಇರುವುದಿಲ್ಲ. ಸೀಟು ಇರಬೇಕಾದ ಕಡೆ ಒಂದು ಮರದ ಮಣೆಯನ್ನು ಹಗ್ಗದಲ್ಲಿ ಬಿಗಿದು, ಅದರ ಮೇಲೆ ಕೂತು ನಾವು ಓಡಿಸಿ ನೋಡುತ್ತೇವೆ. ಕೊನೆಗೆ ಮಣೆ ತೆಗೆದು ಗಾಡಿ ತೊಳೆದು ಮೇಲೆ ಕಳಿಸಿದರೆ, ಸೀಟು ಹಾಕುವುದು ಅವರು. ನಮ್ಮ ಷೆಡ್ಡಿನ ಒರೆಮಣೆ ಎಷ್ಟು ಹಳೆಯದೆಂದರೆ ನಡುವೆ ತಗ್ಗು ಬಿದ್ದಿದೆ. ಎಷ್ಟು ತಲೆಮಾರುಗಳ ಮೂಳೆ ಅದನ್ನು ಸವೆಸಿತೋ. ಇನ್ನೂ ಒಂದು ಕೇಳಿ. ಆ ಎರಡು ಸೀಟುಗಳ ತೊಗಲು ಸುಲಿದವನು, ಹದ ಮಾಡಿದವನು, ಕೆಂಪು ಬಣ್ಣ ಕಟ್ಟಿ ಹೊಲಿದವನು ಮಾರೆಪ್ಪಣ್ಣ. ಹೊಲಿಯುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಹಲ್ಲಿನಲ್ಲಿ ದಾರ ಕಡಿದಿದ್ದ. ಹೊಲಿದಾದ ಮೇಲೆ ದಡಕ್ಕೆ ಕಳಿಸಿದೆವು, ಪೂಜಾರಿ ನೀರು ಚಿಮುಕಿಸಿದ, ಆ ಗಳಿಗೆಯಿಂದ ಮಾರೆಪ್ಪಣ್ಣನ ಕೈ ತಗಲಬಾರದು. ಇದರ ತರ್ಕ ನಮ್ಮನ್ನು ಕೇಳಬೇಡಿ. ನಿಮ್ಮಿಂದ ಬಂದದ್ದು, ನೀವೇ ಹೇಳಬೇಕು.

ಗಾಡಿ ಓಡಿಸಿ ನೋಡಿದವಳು ಸುಂಕಿ. ಮಣೆಯ ಮೇಲೆ ಕೂತರೆ ಅವಳ ಕಣ್ಣು ಸ್ಟೇರಿಂಗಿನ ಸಂದಿಯಿಂದ ಹೊರಗೆ ನೋಡಬೇಕು. ಗುಣಿಯ ತಳದ ರಸ್ತೆಯಲ್ಲಿ ಅವಳು ಓಡಿಸುತ್ತಿದ್ದರೆ ದೂರದಿಂದ ಗಾಡಿಯಲ್ಲಿ ಯಾರೂ ಇಲ್ಲದ ಹಾಗೆ, ಎರಡು ಕೈ ಮಾತ್ರ ಓಡಿಸುತ್ತಿರುವ ಹಾಗೆ ಕಾಣುತ್ತಿತ್ತು. ಬ್ರೇಕು, ಗೇರು, ತಿರುವಿನಲ್ಲಿ ಬಾಲ ಜಾರುವುದು, ಎಲ್ಲವನ್ನೂ ಅವಳು ಹೇಳಿದಂತೆ ತಿದ್ದಿದೆವು. ಆ ಗಾಡಿಯಲ್ಲಿ ನಾವು ಒರೆಗೆ ಹಚ್ಚದೆ ಬಿಟ್ಟದ್ದು ಒಂದೇ: ಸೀಟಿನ ಬೋಲ್ಟು ಇಳಿಯುವ ತೂತುಗಳು. ಅವನ್ನು ಕೊರೆದೆವು, ಗಟ್ಟಿ ಪಟ್ಟಿ ಬೆಸೆದೆವು, ಬೋಲ್ಟೂ ವಾಷರೂ ಜೋಡಿಸಿ ಬಟ್ಟೆಯಲ್ಲಿ ಕಟ್ಟಿ ಸೀಟಿನ ಜೊತೆ ದಡಕ್ಕೆ ಕಳಿಸಿದೆವು. ಅದಕ್ಕಿಂತ ಮುಂದೆ ಹೋಗಲು ನಮಗೆ ಅಪ್ಪಣೆಯಿರಲಿಲ್ಲ.

ಮಕರಂದನಿಗೆ ಗಾಡಿ ಕಲಿಸಿದವಳೂ ಸುಂಕಿಯೇ. ಪಕ್ಕದಲ್ಲಿ ಕೂತು ಕಲಿಸುವ ಹಾಗಿಲ್ಲವಲ್ಲ, ಗಾಡಿಯ ಚಕ್ರ ಎತ್ತಿ ಇಟ್ಟಿಗೆಯ ಮೇಲೆ ನಿಲ್ಲಿಸಿ, ಅವನು ತನ್ನ ಮನೆಯಿಂದ ತಂದ ದಿಂಬಿನ ಮೇಲೆ ಒಳಗೆ ಕೂತ, ಇವಳು ಮಾರು ದೂರದಲ್ಲಿ ಒಂದು ಡಬ್ಬಿಯ ಮೇಲೆ ಕೂತು ಕೈಯಲ್ಲಿ ತಾಟು ಹಿಡಿದು ಸ್ಟೇರಿಂಗ್ ಮಾಡಿಕೊಂಡಳು. "ಕ್ಲಚ್ ನಿಧಾನಕ ಬಿಡ್ರಿ ಚಿಕ್ಕಧಣೇರ, ಅದು ನಿಮ್ಮಪ್ಪನ ಆಳಲ್ಲ, ಒದ್ರ ವಾಪಸ್ ಒದೀತೈತಿ" ಎಂದು ಗದರುತ್ತಿದ್ದಳು. ಅವನು ಸಿಟ್ಟಾಗುತ್ತಿರಲಿಲ್ಲ. ಕೆಟ್ಟ ಹುಡುಗನಲ್ಲ ಅವನು, ಅದನ್ನು ಬರೆಯಲೇಬೇಕು. ಒಂದು ದಿನ, "ಸುಂಕೀ, ಪಟ್ಟದ ದಿನ ನೀ ಪಕ್ಕಕ್ಕ ಕುಂತ್ರ ನನಗ ಅಂಜಿಕಿ ಇರಂಗಿಲ್ಲ ನೋಡು" ಎಂದ. ಅವಳು ತಾಟು ಕೆಳಗಿಟ್ಟು, "ಹಂಗಂತ ನಿಮ್ಮಪ್ಪಗ ಹೇಳ್ರಿ" ಎಂದಳು. ಅವನು ನಕ್ಕು ಸುಮ್ಮನಾದ. ಒಳ್ಳೆಯವರೆಲ್ಲ ಆ ಜಾಗಕ್ಕೆ ಬಂದೊಡನೆ ನಕ್ಕು ಸುಮ್ಮನಾಗುತ್ತಾರೆ.

ಪಟ್ಟದ ಮುಂಜಾನೆ ಪರದೆ ಕಟ್ಟಿ, ಒಳಗೆ ಆಸನ ಪೂಜೆ ಮಾಡಿ, ಪೂಜಾರಿಯೂ ಧಣಿಯ ತಮ್ಮನೂ ಸೀಟು ಕೂರಿಸಿದರು. ನಮ್ಮ ಸ್ಪ್ಯಾನರು ನಮ್ಮ ಬೆವರು ಕುಡಿದದ್ದು, ಅದನ್ನು ಮುಟ್ಟಲಿಲ್ಲ. ಬೋಲ್ಟುಗಳನ್ನು ಅರಿಶಿನದ ನೀರಿನಲ್ಲಿ ತೊಳೆದು, ತುಪ್ಪ ಸವರಿ, ರೇಷ್ಮೆ ಬಟ್ಟೆ ಸುತ್ತಿದ ಬೆರಳಲ್ಲಿ ತಿರುಗಿಸಿ ಕೂರಿಸಿದರು ಎಂಬುದು ನಮಗೆ ಆಮೇಲೆ ತಿಳಿದದ್ದು. ಪರದೆ ತೆಗೆದಾಗ ಗಾಡಿ ನಿಜಕ್ಕೂ ಚಂದ ಕಾಣುತ್ತಿತ್ತು. ಕೇರಿಯವರೆಲ್ಲ ಗುಣಿಯ ಮೆಟ್ಟಿಲ ಮೇಲೆ, ಕತ್ತು ಮಾತ್ರ ದಡದ ಮೇಲಕ್ಕೆ ಬರುವಂತೆ ನಿಂತಿದ್ದೆವು. ಮಕರಂದ ಸುಂಕಿಯ ಕಡೆ ಬಂದು, ನಾವು ದಾಟಬಾರದ ಗೆರೆಯ ಆಚೆಯೇ ನಿಂತು ಕೇಳಿದ: "ಎಲ್ಲಾ ಸರಿ ಐತಿ ಅಲ್ಲಾ?" "ಎಂಜಿನ್ನಿಗೆ ನಾ ಜವಾಬು. ಸೀಟಿಂದು ನಾ ಹೆಂಗ ಹೇಳ್ಲಿ? ಅಳ್ಳಾಡಿಸಿ ನೋಡ್ರಿ." ಅವನು ಹೋಗಿ ಸೀಟಿನ ಬೆನ್ನು ಹಿಡಿದು ಒಂದು ಸಲ ಅಲ್ಲಾಡಿಸಿದ. "ಗಟ್ಟಿ ಐತಿ" ಎಂದು ಹೆಬ್ಬೆರಳು ತೋರಿಸಿದ. ನಿಂತ ಗಾಡಿಯಲ್ಲಿ ಎಲ್ಲ ಸೀಟೂ ಗಟ್ಟಿಯೇ.

ದಡದ ಸುತ್ತಿನ ಮೊದಲ ಮುಕ್ಕಾಲು ಭಾಗ ಅವನು ನಿಧಾನವಾಗಿ ಬಂದ, ಎರಡೂ ಕಡೆಯಿಂದ ಹೂವು ಎರಚುತ್ತಿದ್ದರು. ಗಾಡಿ ಗುರುಗುಟ್ಟುತ್ತ, ಒಳಗೊಳಗೇ ಅದುರುತ್ತ ಬಂತು. ಆ ಅದುರಾಟಕ್ಕೇ ಬೋಲ್ಟುಗಳು ಸಡಿಲವಾಗುತ್ತ ಬಂದಿರಬೇಕು. ಬೋರಿನ ಹತ್ತಿರ ಕೊನೆಯ ನೇರ ದಾರಿ. ತಿರುಪು ಅಲ್ಲೇ ಇದೆ, ಧಣಿ ಬೀಗದ ಕೈಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡು ಅಲ್ಲೇ ನಿಂತಿದ್ದ. ಮಾರೆಪ್ಪಣ್ಣನ ಕಣ್ಣು ಗಾಡಿಯ ಮೇಲಿರಲಿಲ್ಲ, ಆ ತಟ್ಟೆಯ ಮೇಲಿತ್ತು. ಅಪ್ಪನೆದುರು ಜೋರು ತೋರಿಸಬೇಕೆಂದು ಮಕರಂದ ಪೆಡಲು ತುಳಿದ. ಸಾವಿರದ ಇನ್ನೂರು ಕುದುರೆ ಒಟ್ಟಿಗೆ ಎದ್ದವು. ಗಾಡಿ ಮುಂದಕ್ಕೆ ಹೋಯಿತು, ಸೀಟು ಅಲ್ಲೇ ಉಳಿಯಿತು. ಅವನು ಸೀಟಿನ ಸಮೇತ ಹಿಂದಕ್ಕೆ ಮಗುಚಿದ. ಮೇಲೆ ಚಾವಣಿಯಿಲ್ಲದ ಗಾಡಿ, ತಡೆಯಲು ಏನೂ ಇರಲಿಲ್ಲ. ರಸ್ತೆಗೆ ಬಿದ್ದವನು ಮತ್ತೆ ಏಳಲಿಲ್ಲ. ಯಾರೂ ಇಲ್ಲದ ಗಾಡಿ ತಿರುಪಿನ ಪಕ್ಕದಲ್ಲೇ ದಡ ಹಾರಿ ಗುಣಿಗೆ ಬಿತ್ತು. ನಮ್ಮ ಷೆಡ್ಡಿನಿಂದ ಕೂಗಳತೆಯಲ್ಲಿ ಅದು ಮೂತಿ ಮುರಿದುಕೊಂಡು ಕೂತಿದೆ.

ದಡದವರ ಕಸ, ಎಂಜಲು, ಪೂಜೆಯ ಬಾಡಿದ ಹೂವು ಎಲ್ಲವನ್ನೂ ಗುಣಿಗೇ ಎಸೆಯುತ್ತಾರೆ. ಆ ಮಧ್ಯಾಹ್ನ ಇಡೀ ಕೇರಿ ತೊಟ್ಟಿಗಳೊಳಗೆ ಸೇರಿ ಕೂತಿದ್ದಾಗ ನನ್ನ ಮಗಳು ಗಾಳೆವ್ವ ಹೂವಿನ ರಾಶಿ ಕೆದಕಿ ಬಂದಳು. ಬೆರಳು ತುಂಬ ಉಂಗುರ. "ಯವ್ವಾ, ನೋಡ್ಬೇ, ಧಣೇರು ಉಂಗುರ ಒಗದಾರ." ಅವು ಉಂಗುರವಲ್ಲ, ನಾವು ಕಟ್ಟಿ ಕಳಿಸಿದ್ದ ಎಂಟು ಸ್ಪ್ರಿಂಗ್ ವಾಷರುಗಳು. ನಿಮಗೆ ಗೊತ್ತಿರಬೇಕು, ಒಂದು ಕಡೆ ಸೀಳಿದ ಉಕ್ಕಿನ ಬಳೆ ಅದು. ಆ ಸೀಳಿನಲ್ಲೇ ಅದರ ಬಲ. ಎಷ್ಟೇ ಅದುರಿದರೂ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಮಾರೆಪ್ಪಣ್ಣ ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಬದುಕಿದ್ವಿ ನಡೀರಿ. ಸಾಕ್ಷಿ ಸಿಕ್ತು" ಎಂದ. ಅವನ ವಯಸ್ಸಿನಲ್ಲೂ ಅವನು ಸಾಕ್ಷಿಯನ್ನು ನಂಬುತ್ತಿದ್ದ.

ಮಕರಂದನನ್ನು ಮಣ್ಣು ಮಾಡಿದ ಮಾರನೇ ದಿನ ದಡದ ಕಟ್ಟೆಯ ಮೇಲೆ ನ್ಯಾಯಕ್ಕೆ ಕೂತರು. ನಾವು ಮೆಟ್ಟಿಲ ಮೇಲೆ. ಮಾರೆಪ್ಪಣ್ಣ ಎಂಟು ವಾಷರುಗಳನ್ನೂ ಕಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟ. "ಇವು ಸೀಟಿನ ಬೋಲ್ಟಿನಾಗ ಇರಬೇಕಾದವು, ಧಣೇರ. ಹೂವಿನಾಗ ಸಿಕ್ಕವು. ಹಾಕಿದೋರನ್ನ ಕೇಳ್ರಿ." ಪೂಜಾರಿ ಬಚ್ಚಿಡಲಿಲ್ಲ. ಎದೆ ಸೆಟೆದು ಹೇಳಿದ: "ಹೌದು, ನಾನೇ ತೆಗೆದೆ. ಪಟ್ಟದ ಆಸನಕ್ಕೆ ಮುರಿದ ಉಂಗುರ ತೊಡಿಸ್ತಾರೇನು? ಎಂಟಕ್ಕೆ ಎಂಟೂ ಮುರಿದಿದ್ದವು. ಅಪಶಕುನ." ಆ ಒಂದು ಗಳಿಗೆ ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಧಣಿಗೂ. ಅವನ ಮುಖ ನಾನು ನೋಡಿದೆ. ಮಗನನ್ನು ಕೊಂದದ್ದು ಏನು ಎಂದು ತಿಳಿದ ತಂದೆಯ ಮುಖ ಅದು. ಅವನು ತಮ್ಮನ ಕಡೆ ನೋಡಿದ, ಪೂಜಾರಿಯ ಕಡೆ ನೋಡಿದ, ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಆ ಮುಖ ಮುಚ್ಚಿಕೊಂಡಿತು, ಬಾಗಿಲು ಹಾಕಿದ ಹಾಗೆ. "ಮುರಿದ ಉಂಗುರ ಮಾಡಿ ಕಳಿಸಿದೋರು ಯಾರ್ಲೇ?" ಎಂದ. ಮಾರೆಪ್ಪಣ್ಣ ಬಾಯಿ ತೆರೆದ. "ಯಪ್ಪಾ, ಅದು ಇರೋದ ಹಂಗ. ಒಳಗ ಬಿಟ್ಟಿದ್ರ ಹೇಳ್ತಿದ್ವಿ." "ಒಳಗ ಬಿಡಬೇಕಿತ್ತೇನು?" ಎಂದು ಧಣಿ ಎದ್ದು ನಿಂತ. ನ್ಯಾಯ ಮುಗಿಯಿತು.

ನಾವು ಸಾಕ್ಷಿ ಸಾಲದೆ ಸೋಲಲಿಲ್ಲ. ಇದನ್ನು ನೀವು ಚೆನ್ನಾಗಿ ಓದಿಕೊಳ್ಳಿ. ಸತ್ಯ ಅವರಿಗೆ ಗೊತ್ತಾಗದೆ ಉಳಿಯಿತು ಎಂದಲ್ಲ. ಗೊತ್ತಾಗಿಯೂ, ಸ್ವಂತ ಮಗನ ಗೋರಿಯ ಮಣ್ಣು ಆರುವ ಮೊದಲೇ, ಅವನು ಮಗನನ್ನು ಬಿಟ್ಟುಕೊಟ್ಟ, ಮಣೆಯನ್ನು ಬಿಟ್ಟುಕೊಡಲಿಲ್ಲ.

ತಿರುಪಿನ ಚಕ್ರವನ್ನೇ ಬಿಚ್ಚಿ ಒಯ್ದರು. ಸುಂಕಿಯನ್ನು ವಿಚಾರಣೆಗೆ ಎಂದು ದಡದಲ್ಲೇ ಇಟ್ಟುಕೊಂಡರು, ವಾಪಸ್ ಬಂದಿಲ್ಲ. ಏನಾಗಿರಬಹುದು ಎಂದು ಬರೆಯುವುದಿಲ್ಲ. ನಿಮ್ಮ ಕಾಲದಲ್ಲೂ ಇಂಥ ವಿಚಾರಣೆಗಳಿದ್ದವು, ನಿಮಗೆ ಗೊತ್ತು. ಕೇರಿಯ ಡ್ರಮ್ಮುಗಳಲ್ಲಿದ್ದ ನೀರು ದಿನದಿನಕ್ಕೆ ಇಳಿಯಿತು. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಹೋಗಿ ಹೊಸ ಕರಾರಿಗೆ ಹೆಬ್ಬೆಟ್ಟು ಒತ್ತುತ್ತಿದ್ದಾರೆ. ಒತ್ತಿದವರಿಗೆ ದಡದ ಕೊಟ್ಟಿಗೆಯಲ್ಲಿ ಜಾಗ, ದಿನಕ್ಕೊಂದು ಬಿಂದಿಗೆ. ಹೊಸ ಕರಾರಿನ ವರುಷಕ್ಕೆ ಹದಿನೈದು ತಿಂಗಳು. ಮಾರೆಪ್ಪಣ್ಣ ಒತ್ತಲಿಲ್ಲ. ನಿನ್ನೆ ಅವನ ತೊಟ್ಟಿಯ ಬಾಗಿಲು ತೆರೆಯಲಿಲ್ಲ. ನಾವು ಉಳಿದ ನಾಲ್ಕು ಮನೆಯವರು ಅವನನ್ನು ಹೊತ್ತು ತಂದು ಗಾಡಿ ಬಿದ್ದ ಕಡೆ ಹೂತೆವು. ಸಂಘದ ಹಾಡು ಹಾಡಬೇಕಿತ್ತು. ಗಂಟಲು ಒಣಗಿ ಒಂದು ಸಾಲಿಗೇ ನಿಂತಿತು.

ಹೂತು ಕೈ ಒರೆಸಿಕೊಳ್ಳುತ್ತಿರುವಾಗ ಮಕ್ಕಳು ಗಾಡಿಯಲ್ಲಿ ಆಡುವ ಸದ್ದು ಕೇಳಿಸಿತು. ಓಡಿಸುವವರ ಸೀಟು ಅವತ್ತೇ ಕಿತ್ತು ಹೋಗಿತ್ತು. ಪಕ್ಕದ ಸೀಟು ಮಾತ್ರ ಹೇಗೋ ಉಳಿದುಕೊಂಡಿದೆ, ಮಾರೆಪ್ಪಣ್ಣ ಹೊಲಿದ ಕೆಂಪು ತೊಗಲು, ಹೂವಿನಷ್ಟು ಮೆತ್ತಗೆ. ಗಾಳೆವ್ವ ಷೆಡ್ಡಿನಿಂದ ಒರೆಮಣೆ ಹೊತ್ತು ತಂದು, ಕಿತ್ತುಹೋದ ಸೀಟಿನ ಕಡೆ ಇಟ್ಟುಕೊಂಡು, ಅದರ ಮೇಲೆ ಕೂತು ಬಾಯಲ್ಲಿ ಎಂಜಿನ್ ಸದ್ದು ಮಾಡುತ್ತಿದ್ದಳು. ಮಿಕ್ಕ ಮಕ್ಕಳು ಹಿಂದೆ ನಿಂತಿದ್ದರು. ಕೆಂಪು ಸೀಟು ಖಾಲಿ. "ಅಲ್ಲಿ ಕುಂಡ್ರಬೇ, ಮೆತ್ತಗೈತಿ" ಎಂದೆ. ಅವಳು ಸದ್ದು ನಿಲ್ಲಿಸಿ ದಡದ ಕಡೆ ಕತ್ತೆತ್ತಿ ನೋಡಿದಳು. "ಬ್ಯಾಡವಾ, ಅದು ಅವರ್ದು." "ಈಗ ಯಾರದೂ ಅಲ್ಲ." "ಆದ್ರೂ." ಆ ಮಗುವಿಗೆ ಇದನ್ನು ನಾನು ಹೇಳಿಕೊಟ್ಟಿಲ್ಲ. ಯಾರೂ ಹೇಳಿಕೊಟ್ಟಿಲ್ಲ. ಮಕ್ಕಳು ಹೋದ ಮೇಲೆ ನಾನೇ ಕೂರಲು ಹೋದೆ. ಸಂಘದಲ್ಲಿ ಮುಷ್ಟಿ ಎತ್ತಿ ಬೆಳೆದವಳು ನಾನು, ಆ ಗಾಡಿಯ ನಡು ಬೆಸೆದವಳು ನಾನು. ಬಾಗಿಲು ತೆಗೆದೆ, ಸೀಟಿನ ಮೇಲೆ ಕೈ ಇಟ್ಟೆ. ತಡೆಯಲು ಒಂದು ನರಪಿಳ್ಳೆಯೂ ಇರಲಿಲ್ಲ. ಮೊಣಕಾಲು ಮಡಚಲಿಲ್ಲ. ಮಣೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಕಾಲ ಕಳೆದಂತೆ ಇದೆಲ್ಲ ತಾನಾಗಿ ಹೋಗುತ್ತದೆ ಎಂದು ನಿಮ್ಮಲ್ಲಿ ಒಳ್ಳೆಯವರು ಹೇಳುತ್ತಿದ್ದರಂತೆ. ಓದು ಹೆಚ್ಚಾದರೆ, ಯಂತ್ರ ಬಂದರೆ, ಹೊಸ ಪೀಳಿಗೆ ಬಂದರೆ ಹೋಗುತ್ತದೆ ಎಂದು. ನಾನು ಆ ಕಾಲದ ಈ ತುದಿಯಲ್ಲಿ ಕೂತಿದ್ದೇನೆ. ಕಾಲ ಕಳೆಯಿತು. ಬೆಟ್ಟ ಹೋಯಿತು, ಕೆರೆ ಹೋಯಿತು, ಎಣ್ಣೆ ಹೋಯಿತು, ಕುದುರೆಯಂಥ ಕುದುರೆ ಹೋಗಿ ಬರೀ ಲೆಕ್ಕದಲ್ಲಿ ಉಳಿಯಿತು. ಅದೊಂದು ಹೋಗಲಿಲ್ಲ.

ನಿಮ್ಮ ಮರುಕ ನನಗೆ ಬೇಡ, ಅದನ್ನು ಕುಡಿಯಲಾಗುವುದಿಲ್ಲ. ನಮ್ಮನ್ನು ಉಳಿಸಿ ಎಂದೂ ಕೇಳುತ್ತಿಲ್ಲ, ಆ ಹೊತ್ತು ಮೀರಿದೆ. ಹೇಳುವುದು ಇಷ್ಟೇ. ಈ ಮಣೆಯ ಅಡಿಯಲ್ಲಿ ಮರದ ಎಳೆ ನೋಡಿದೆ. ನಿಮ್ಮ ಕಾಲದ ಮರವಿದು. ನಿಮ್ಮ ಊರಿನಲ್ಲಿ ಎಲ್ಲೋ ಒಂದು ಹೋಟೆಲಿನ ಹಿಂಬಾಗಿಲಲ್ಲೋ, ಯಾರದೋ ಮನೆಯ ಜಗಲಿಯ ಕೆಳಗೋ ಇದನ್ನು ಇವತ್ತು ಮೊದಲ ಸಲ ಹಾಕುತ್ತಿದ್ದಾರೆ. ಇನ್ನೂ ಹೊಸದಿದೆ, ತಗ್ಗು ಬಿದ್ದಿಲ್ಲ, ಒಬ್ಬರೇ ಎತ್ತಿ ಒಲೆಗೆ ಹಾಕಬಹುದಾದಷ್ಟು ಹಗುರವಿದೆ. ನೀವು ಅದನ್ನು ನೋಡಿದ್ದೀರಿ. ನೋಡಿ ನಕ್ಕು ಸುಮ್ಮನಾಗಿದ್ದೀರಿ.

ನೀವು ಸುಮ್ಮನಾದದ್ದು ನನಗೆ ಗೊತ್ತು. ಸುಮ್ಮನಾಗಿರದಿದ್ದರೆ ನಾನು ಇವತ್ತು ಇದರ ಮೇಲೆ ಕೂತಿರುತ್ತಿರಲಿಲ್ಲ.

ಹುಲಿಗೆವ್ವ,
ಬೆಸುಗೆಯವಳು